ಯಾರ ಶಿವಾರಕ್ಕೂ ಸೇರದ ಹಳ್ಳ

ಸಮುದ್ರವನ್ನು ನಾನು ಈವರೆಗೂ ನೋಡಿಲ್ಲ. ಆದರೆ ಸಮುದ್ರದ ದಂಡೆಗೆ ಸಲ್ಲಬೇಕಾಗಿದ್ದ ದಾರಿಯೊಂದನ್ನು ಬೆಣ್ಣೆತೊರೆ ಹೊಳೆಯ ದಂಡೆಗುಂಟ ಮಾಡಿ ಮೊಣಕಾಲು ಸವೆಸಿಕೊಂಡವನು ನಾನು. ನಿಜಾಮ ಸರ್ಕಾರದಲ್ಲಿ ರಸ್ತೆ, ಕಟ್ಟಡ ನೋಡಿಕೊಳ್ಳುವ ತಾಮೀರಾತ್ ಇಲಾಖೆಯಲ್ಲಿ ಆಗ ನಾನು ಓವರ್‌ಸಿಯರ್. ನಮ್ಮ ಮೇಲೆ ಹೈದರಾಬಾದಿನಿಂದ ಹೊಸದಾಗಿ ಬಂದಿದ್ದ ಇಂಜಿನಿಯರ್ ಸಾಹೇಬರು ವಿಲಾಯತಿಯಲ್ಲಿ ಓದಿದವರು. ಅಲ್ಲಿ ಕಡಲಿಗೆ ಹತ್ತಿಕೊಂಡು ಊರಿಂದ ಊರಿಗೆ ಜನ ನಡೆದೇ ಹೋಗುವ ದಾರಿಗಳಿವೆಯಂತೆ. ಗಾಡಿ ಇಲ್ಲ, ಕುದುರೆ ಇಲ್ಲ, ಬರೀ ಕಾಲು. ಕಮಲಾಪುರದಿಂದ ಕಲಬುರಗಿಗೆ ಅಂಥದ್ದೊಂದು ಆಗಬೇಕು ಎಂದು ಅವರ ತಲೆಗೆ ಬಂತು. ಕಡಲು ಇಲ್ಲದ್ದು ಅವರಿಗೆ ದೊಡ್ಡ ಕೊರತೆ ಅನ್ನಿಸಲಿಲ್ಲ. ನಕಾಶೆಯಲ್ಲಿ ಬೆಣ್ಣೆತೊರೆಯ ಗೆರೆಯ ಮೇಲೆ ಬೆರಳಿಟ್ಟು, "ಯೇ ಹೈ ನಾ," ಇದು ಇದೆಯಲ್ಲ, ಎಂದರು.

ಸಾಹೇಬರ ಹುಚ್ಚು ಏನೇ ಇರಲಿ, ದಾರಿ ಬೇಕಾಗಿದ್ದದ್ದು ಸುಳ್ಳಲ್ಲ. ಸುಗ್ಗಿ ಬಂತೆಂದರೆ ದೊಡ್ಡ ರಸ್ತೆಯಲ್ಲಿ ಜೋಳದ ಗಾಡಿ, ಹತ್ತಿಯ ಗಾಡಿ ಒಂದರ ಹಿಂದೊಂದು ನಿಂತು, ಕಾಲಿನವರು ಮುಳ್ಳುಕಂಟಿಯಲ್ಲಿ ಇಳಿದು ನಡೆಯಬೇಕಿತ್ತು. ಕಮಲಾಪುರದ ಕೆಂಪು ಬಾಳೆಯೋ ಬಲು ನಾಜೂಕು. ಗಾಡಿಯಲ್ಲಿ ಹಾಕಿದರೆ ಕುಲುಕಾಟಕ್ಕೆ ಕಪ್ಪಾಗಿ, ಕಲಬುರಗಿ ಮುಟ್ಟುವಷ್ಟರಲ್ಲಿ ದನಕ್ಕೆ ಹಾಕುವಂತಾಗುತ್ತದೆ. ಅದಕ್ಕೇ ಅದನ್ನು ತಲೆಯ ಮೇಲೆ ಸಿಂಬಿ ಇಟ್ಟು, ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ಹೊರುವವರು ಹೆಚ್ಚಿನಂಶ ಊರ ಹೊರಗಿನ ಕೇರಿಯ ಹೆಂಗಸರು. ತುಂಬಿದ ಬುಟ್ಟಿಯನ್ನು ಒಬ್ಬರೇ ಇಳಿಸಲಿಕ್ಕೂ ಆಗದು, ಎತ್ತಲಿಕ್ಕೂ ಆಗದು, ಇನ್ನೊಬ್ಬರು ಕೈ ಕೊಡಬೇಕು. ಊರೊಳಗಿನವರು ಅವರ ಬುಟ್ಟಿಗೆ ಕೈ ಕೊಡುವ ಮಾತೇ ಇರಲಿಲ್ಲ. ಹಾಗಾಗಿ ಒಂಟಿಯಾಗಿ ಬಂದವಳು ಒಮ್ಮೆ ಇಳಿಸಿದರೆ, ತನ್ನ ಕೇರಿಯವರು ಯಾರಾದರೂ ಬರುವ ತನಕ ಬುಟ್ಟಿಯ ಪಕ್ಕ ಕೂತೇ ಇರಬೇಕು.

ಸಂಕ್ರಾಂತಿ ಕಳೆದ ಮೇಲೆ ಮೋಜಣಿ ಸುರು ಮಾಡಿದೆ. ಕಮಲಾಪುರದ ಇಳಿಜಾರಿನಿಂದ ಹೊಳೆಗೆ ಇಳಿದು, ದಂಡೆ ಹಿಡಿದು ಹೋಗಿ, ಮುಂದೆ ಹೊಲಗಳ ನಡುವೆ ಏರಿ, ತಾಜಸುಲ್ತಾನಪುರದ ಹತ್ತಿರ ದೊಡ್ಡ ರಸ್ತೆಗೆ ಕೂಡುವ ದಾರಿ ಅದು. ಸರಪಳಿ ಎಳೆಯುವುದು, ಗೂಟ ಬಡಿಯುವುದು, ಚೂನಾ ಸುರಿಯುವುದು. ಹೊಳೆ ಎಷ್ಟು ಎತ್ತರ ಏರುತ್ತದೆ ಎಂದು ಊರವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಾನು ದಂಡೆಯ ಜಾಲಿಗಿಡಗಳನ್ನು ನೋಡುತ್ತಿದ್ದೆ. ಹಿಂದಿನ ಮಳೆಗಾಲದ ಕಸಕಡ್ಡಿ ಯಾವ ಟೊಂಗೆಗೆ ಸಿಕ್ಕಿಕೊಂಡಿದೆಯೋ ಅದಕ್ಕಿಂತ ಮೇಲೆ ಗೂಟ. ಇನ್ನೊಂದು ಕೋಲು ಬೇರೆ ಹಿಡಿದಿರುತ್ತಿದ್ದೆ. ಹೆಣ್ಣಾಳಿನ ಎತ್ತರ, ಅದರ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಗೊನೆ, ಅಷ್ಟು ಉದ್ದದ್ದು. ಅದು ತಾಗಿದ ಟೊಂಗೆಯನ್ನೆಲ್ಲ ಕಡಿಸಿದೆ. ಗಾಡಿಯ ದಾರಿಗೆ ಅಗಲ ನೋಡಬೇಕು, ಹೊರೆಯವರ ದಾರಿಗೆ ಎತ್ತರ.

ಒಂದು ಮುಂಜಾನೆ ಗೂಟ ಬಡಿಯುವಾಗ ಬಾಳೆ ಹೊತ್ತವಳೊಬ್ಬಳು ನಿಂತಳು. ನಡುವಯಸ್ಸಿನವಳು, ಒಬ್ಬಳೇ. ಉಳಿದವರು ಮುಂದೆ ಹೋಗಿಬಿಟ್ಟಿದ್ದರು. ತಲೆ ಅಲ್ಲಾಡಿಸುವಂತಿಲ್ಲವಾದ್ದರಿಂದ ಕಣ್ಣಷ್ಟೇ ನನ್ನ ಕಡೆ ತಿರುಗಿಸಿ ಕೇಳಿದಳು:

"ಈ ದಾರಿ ಹಳ್ಳ ದಾಟಿ ಹೋಗ್ತದೇನ್ರಿ ಯಪ್ಪಾ?"

ಯಾವ ಹಳ್ಳವೆಂದು ನನಗೆ ಗೊತ್ತಿತ್ತು. ಅರ್ಧ ದಾರಿಯಲ್ಲಿ ಬಂದು ಹೊಳೆಗೆ ಸೇರುವ ಒಂದು ಹಳ್ಳ. ಬೇಸಿಗೆಯಲ್ಲಿ ಬರೀ ಮರಳು, ಮಳೆಗಾಲದಲ್ಲಿ ಸೊಂಟಮಟ ನೀರು.

"ಹೋಗ್ತದ," ಎಂದೆ.

"ಮಿರಗ ಕೂಡೋದ್ರಾಗ ಆಗ್ತದೇನ್ರಿ?"

"ಸರ್ಕಾರದ ಕೆಲಸ. ಹೆಂಗ ಹೇಳ್ಲಿ?"

"ಮಿರಗ ಕೂಡಿದ ಮ್ಯಾಲ ಆದ್ರ ನನಗ ಉಪಯೋಗಿಲ್ರಿ. ಹ್ವಾದ ಮಳಿಗಾಲ್ದಾಗ ನನ್ನ ಗಂಡ ಆ ಹಳ್ಳದಾಗೇ ಹ್ವಾದ. ಈ ಸಲ ಬುಟ್ಟಿ ಹೊರಾಕಿ ನಾ ಒಬ್ಬಾಕೀನ. ಹೊರದಿದ್ರ ಒಲಿ ಉರಿಯಂಗಿಲ್ಲ, ಹೊತ್ರ ಹಳ್ಳ ಅದ."

ಅಷ್ಟು ಹೇಳಿ ನಡೆದಳು. ಅಂದಿನಿಂದ ನನಗೆ ಮಳೆಗಾಲ ತರುವ ಮಿರಗದ, ಅಂದರೆ ಮೃಗಶಿರದ, ಮಳೆಯ ಚಿಂತೆ ಹತ್ತಿತು. ಅದಕ್ಕೆ ಮೊದಲು ನನಗಿದ್ದದ್ದು ಸಾಹೇಬರ ಚಿಂತೆ ಮಾತ್ರ.

ಆ ಕಾಲದಲ್ಲಿ ಇಂಥ ಕೆಲಸಕ್ಕೆ ಊರೂರಿನಿಂದ ಬಿಟ್ಟಿ ಆಳು ಬರುತ್ತಿದ್ದರು. ಪ್ರತಿ ಊರೂ ತನ್ನ ಶಿವಾರದೊಳಗೆ, ಅಂದರೆ ಊರಿನ ಎಲ್ಲೆಯೊಳಗೆ, ಬರುವ ದಾರಿಯನ್ನು ತಾನೇ ಕಡಿದು, ಮಣ್ಣು ಹಾಕಿ, ದಿಮ್ಮಸಿ ಹೊಡೆದು ಕೊಡಬೇಕು. ಮುಂದೆ ವರ್ಷಾವರ್ಷ ರಿಪೇರಿಯೂ ಆ ಊರಿನದೇ. ಗೌಡರಿಗೆ ಹುಕುಂ ಹೋಯಿತು. ಜನ ಬಂದರು, ಬೈದುಕೊಳ್ಳುತ್ತಲೇ ಬಂದರು. ಬೈಗುಳ ನನ್ನ ಕಿವಿಗೆ ಬೀಳುವಷ್ಟು ಜೋರಾಗಿರುತ್ತಿತ್ತು, ಹಿಡಿದು ಕೇಳುವಷ್ಟು ಸ್ಪಷ್ಟವಾಗಿರುತ್ತಿರಲಿಲ್ಲ.

ಕಮಲಾಪುರದ ಕಡೆ ಕೆಂಪು ನೆಲ, ಕೆಲಸ ಸರಾಗ. ಹೊಳೆಯ ದಂಡೆಗೆ ಬಂದರೆ ಎರೆ ಭೂಮಿ. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಬಿರುಕು ಬಿಟ್ಟು ನಿಂತದ್ದನ್ನು ನೋಡಿ ಅದರ ಮೇಲೆ ಒಂದು ಪದರ ಗರಸು ಹಾಸಿದೆವು. ಯುಗಾದಿಯ ಹತ್ತಿರ ಒಂದು ಅಡ್ಡಮಳೆ ಬಂತು. ಮರುದಿನ ಹೋಗಿ ನೋಡಿದರೆ ಗರಸು ಎಲ್ಲಿ? ಎರೆ ಅದನ್ನು ನುಂಗಿ ತೇಗಿತ್ತು. ಇನ್ನೊಮ್ಮೆ ಅಗೆದು, ಅಡಿಗೆ ದಪ್ಪ ಕಲ್ಲು ಕೂಡಿಸಿ, ಮೇಲೆ ಗರಸು ಹಾಕಿ, ಎರಡೂ ಬದಿಗೆ ನೀರು ಇಳಿಯಲು ಕಾಲುವೆ ತೋಡಿಸಿದೆವು. ಆ ದಿನಗಳಲ್ಲಿ ಕಲಬುರಗಿಯ ಗಾಜಿಪುರದ ಮನೆಗೆ ಹೋದರೆ ನನ್ನ ಧೋತರದ ಎರೆಮಣ್ಣು ತೊಳೆದು ತೊಳೆದು ಸಾಕಾಗಿ ಮನೆಯಾಕೆ, "ದಾರಿ ಅಲ್ಲಿ ಮಾಡಾಕತ್ತೀರೋ, ಇಲ್ಲಿ ಮಾಡಾಕತ್ತೀರೋ?" ಎಂದು ಕೇಳುತ್ತಿದ್ದಳು.

ವೈಶಾಖದಲ್ಲಿ ಎರಡೂ ಕಡೆಯ ಗೌಡರಿಂದ ಕೆಲಸ ಮುಗಿಯಿತೆಂದು ಹೇಳಿಕೆ ಬಂತು. ಖುಷಿಯಿಂದ ಹೊರಟೆ. ಕಮಲಾಪುರದ ಕಡೆಯಿಂದ ನಡೆದು ಬಂದೆ. ಚೊಕ್ಕ ದಾರಿ. ಹಳ್ಳ ಕಾಣುವಷ್ಟು ದೂರದಲ್ಲಿ, ಒಂದು ಬೇವಿನ ಗಿಡದ ಬುಡಕ್ಕೆ ದಾರಿ ನಿಂತುಬಿಟ್ಟಿತ್ತು. ಗೆರೆ ಕೊರೆದು ಕತ್ತರಿಸಿದ ಹಾಗೆ. ಮುಂದೆ ಜಾಲಿ, ಆಮೇಲೆ ಹಳ್ಳ, ಹಳ್ಳದಾಚೆ ಮತ್ತೆ ಜಾಲಿ, ಅದರಾಚೆ ಒಂದು ಹುಣಸೆ ಮರ. ಆ ಹುಣಸೆಯಿಂದ ಕಲಬುರಗಿ ಕಡೆಯ ದಾರಿ ಅಷ್ಟೇ ಚೊಕ್ಕವಾಗಿ ಸುರುವಾಗಿತ್ತು. ನಡುವೆ ಇದ್ದದ್ದು ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಬೇಕಾಗಿದ್ದ ತುಂಡು. ಅದಕ್ಕೆ ಯಾರೂ ಒಂದು ಸಲಿಕೆ ತಾಗಿಸಿರಲಿಲ್ಲ.

ಕಮಲಾಪುರ ಕಡೆಯ ಗೌಡರನ್ನು ಕರೆಸಿದೆ. ಬಿಳಿ ರುಮಾಲು ಸುತ್ತಿಕೊಂಡು ನಗುನಗುತ್ತ ಬಂದರು.

"ಬೇವಿನ ಗಿಡದ ತನಾ ನಮ್ಮ ಶಿವಾರ್ರಿ. ಅಲ್ಲಿಂದ ಮುಂದಿಂದು ಅವರ್ದು."

ಕಲಬುರಗಿ ಕಡೆಯ ಗೌಡರ ಮನೆಗೆ ನಾನೇ ಹೋದೆ. ಅವರು ಮಜ್ಜಿಗೆ ಕೊಟ್ಟು ಉಪಚರಿಸಿ ಹೇಳಿದರು: "ಹಳ್ಳ ನಮ್ದು ಯಾವಾಗಿತ್ರಿ? ನಮ್ಮ ಮುತ್ಯಾನ ಕಾಲ್ದಿಂದ ಅವರ್ದೇ ಅದ. ನಮ್ದೇನಿದ್ರೂ ಹುಣಸಿ ಗಿಡದಿಂದ ಈಚಿಗಿ."

ನನ್ನ ನೌಕರಿಯಲ್ಲಿ ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ತಲೆ ಒಡೆದುಕೊಂಡದ್ದನ್ನು ನೋಡಿದ್ದೆ. ಇಷ್ಟು ಉದಾರವಾಗಿ ನೆಲವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವವರನ್ನು ನೋಡಿದ್ದು ಅದೇ ಮೊದಲು. ಇಬ್ಬರೂ ಎದುರುಬದುರು ನಿಂತು, "ನಿಮ್ದೇರಿ ಗೌಡ್ರ", "ಛೇ, ನಿಮ್ದೇ ತಗೋರಿ" ಎಂದು ಹಬ್ಬದ ಊಟಕ್ಕೆ ಕರೆಯುವವರ ಹಾಗೆ ಒತ್ತಾಯ ಮಾಡಿದರು. ಕಾರಣ ಏನೆಂದು ತಿಳಿಯುವುದು ಕಷ್ಟವಿರಲಿಲ್ಲ. ಹಳ್ಳ ಯಾರದೋ ಅವರ ಊರು ಪ್ರತಿ ಪ್ರವಾಹದ ಮೇಲೂ ಬಿಟ್ಟಿ ಕೊಡಬೇಕು. ಒಮ್ಮೆ ಸಲಿಕೆ ಹಾಕಿದರೆ ಒಪ್ಪಿಕೊಂಡ ಹಾಗೆ. ಆದರೆ ಅಷ್ಟೇ ಅಲ್ಲ ಅನ್ನಿಸುತ್ತಿತ್ತು. ಕಲಬುರಗಿ ಕಡೆಯ ಗೌಡರು ನನ್ನನ್ನು ಕಳಿಸಲು ಬಾಗಿಲ ತನಕ ಬಂದಾಗ ತಾವಾಗಿಯೇ ಬಾಯಿಬಿಟ್ಟರು:

"ಬಿಟ್ಟಿ ಒಂದಽ ಅಲ್ರಿ ಸಾಹೇಬ್ರ. ಹ್ವಾದ ಮಳಿಗಾಲ್ದಾಗ ಅಲ್ಲಿ ಒಂದು ಹೆಣಾ ಸಿಕ್ಕಿತ್ತು. ಬಾಳಿ ಹೊರಾಂವಂದು. ನಮ್ಮ ಶಿವಾರ ಅಂತ ಒಪ್ಕೊಂಡ್ರ ಪೊಲೀಸರ ಬರ್ತಾರ, ಪಂಚನಾಮಾ ಅಂತಾರ, ಅವರಿಗೆ ಕೋಳಿ, ಅವರ ಕುದರಿಗಿ ಕಡ್ಲಿ. ಊರು ಎಲ್ಲಿಂದ ಕೊಡ್ಬೇಕ್ರಿ? ನಮ್ದಲ್ಲ ಅಂದ್ವಿ. ಈಗ ದಾರಿ ಮಾಡಿ ನಮ್ದು ಅಂದ್ರ, ಆ ಹೆಣಾನೂ ನಮ್ದೇ ಆಗ್ತದಲ್ರಿ."

ಪಾಪ, ಅವರು ಕೆಟ್ಟವರೇನಲ್ಲ. ಪೊಲೀಸರು ಊರಲ್ಲಿ ಇಳಿದರೆ ಏನಾಗುತ್ತದೆಂದು ನನಗೂ ಗೊತ್ತು. ಆದರೆ ಆ ಹೆಣ ಯಾರದೆಂದೂ ನನಗೆ ಗೊತ್ತಿತ್ತು. ಬಿಸಿಲಲ್ಲಿ ವಾಪಸು ನಡೆಯುತ್ತ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ನನ್ನ ಕೊಡೆಯನ್ನೇ ನೆಲಕ್ಕೆ ಕುಕ್ಕಿ ಕಡ್ಡಿ ಮುರಿದುಕೊಂಡೆ.

ನಿಯಮದ ಪ್ರಕಾರ ನಾನು ಮಾಡಬೇಕಾದ್ದು ಒಂದೇ: ಶಿವಾರದ ತಕರಾರು ಇದೆ ಎಂದು ತಹಸೀಲಿಗೆ ಬರೆದು ಕೂರುವುದು. ತಹಸೀಲಿನಲ್ಲಿ ಅಂಥವು ಎಷ್ಟು ಬಿದ್ದಿದ್ದವೋ. ನನಗೆ ಪಿಂಚಣಿ ಬಂದರೂ ಉತ್ತರ ಬರುತ್ತಿರಲಿಲ್ಲ. ಮಿರಗ ಹತ್ತಿರ ಬರುತ್ತಿತ್ತು. ದಾರಿಯ ಕಡೆಯ ತುದಿಯಲ್ಲಿ, ತಾಜಸುಲ್ತಾನಪುರದ ಹತ್ತಿರ, ವಡ್ಡರ ಒಂದು ತಂಡ ಬಿಡಾರ ಹೂಡಿತ್ತು. ಅವರು ಬಿಟ್ಟಿಯವರಲ್ಲ, ಇಲಾಖೆಯ ಕೂಲಿಯವರು. ಅಲ್ಲೊಂದು ಕಮಾನು ಕಟ್ಟಬೇಕೆಂದು ಸಾಹೇಬರ ಅಪ್ಪಣೆಯಾಗಿತ್ತು. ನಡೆದು ಬಂದವರು ಕಮಾನಿನ ಕೆಳಗೆ ಹಾದು ಊರು ಸೇರಬೇಕು, ಮೇಲೆ ಕೆತ್ತಿದ ಅಕ್ಷರ ಇರಬೇಕು. ಕಲ್ಲು ಬಂದು ಬಿದ್ದಿತ್ತು. ಸಾಹೇಬರು ಆ ಕಮಾನಿನ ಚಿತ್ರವನ್ನು ತಾವೇ ಬಣ್ಣ ಹಾಕಿ ಬರೆದಿದ್ದರು.

ಮೇಸ್ತ್ರಿಯ ಬಿಡಾರಕ್ಕೆ ಹೋಗಿ ಕೇಳಿದೆ: "ನಿಮ್ಮದು ಯಾವ ಊರು?"

ಅವನು ನಕ್ಕ. "ನಮಗ್ಯಾವ ಊರ್ರಿ ಸಾಹೇಬ್ರ? ಕಲ್ಲಿದ್ದಲ್ಲಿ ಇರ್ತೇವಿ, ಮುಗೀತಂದ್ರ ಕತ್ತೆ ಮ್ಯಾಲ ಹೇರ್ಕೊಂಡು ಹೋಗ್ತೇವಿ."

"ಹಂಗಾದ್ರ ನಾಳೆ ಈ ಕಲ್ಲು ಹೇರ್ರಿ. ಹಳ್ಳಕ್ಕ ಹೋಗೋದದ."

"ಕಮಾನು?"

"ಅದು ನನ್ನ ತಲಿನೋವು."

ಆ ತಲೆನೋವು ಸಣ್ಣದಾಗಿರಲಿಲ್ಲ. ಮಂಜೂರಾದ ಕೆಲಸ ಬಿಟ್ಟು ಮಂಜೂರಾಗದ್ದನ್ನು ಮಾಡಿದರೆ ನೌಕರಿಗೆ ಕುತ್ತು. ಮನೆಯಲ್ಲಿ ಹೇಳಲಿಲ್ಲ. ಯಾವ ಶಿವಾರದವರೂ ಅಲ್ಲದವರು ಸಲಿಕೆ ಹಾಕಿದರೆ ಯಾರೂ ಏನೂ ಒಪ್ಪಿಕೊಂಡ ಹಾಗಾಗುವುದಿಲ್ಲ ಎಂಬುದೊಂದೇ ನನ್ನ ಸಮಾಧಾನ. ಗೌಡರಿಬ್ಬರಿಗೂ ಸಮಾಧಾನವಾಯಿತು, ತಮ್ಮ ತಮ್ಮ ಗಿಡದ ನೆರಳಿನಲ್ಲಿ ನಿಂತು ನೋಡಿ ಹೋದರು.

ಸೇತುವೆ ಕಟ್ಟುವ ಮಾತಿರಲಿಲ್ಲ. ದಾಟುಗಲ್ಲು ಹಾಕುವುದೆಂದು ಮಾಡಿದೆವು. ಶಹಾಬಾದದ ಫರಸಿ ಹಾಸುಗಲ್ಲು ತೆಳು, ನೀರಿನ ಹೊಡೆತಕ್ಕೆ ಎದ್ದು ಹೋಗುತ್ತದೆ. ಕಮಾನಿಗೆ ತಂದಿದ್ದ ದಪ್ಪ ಕರಿಕಲ್ಲುಗಳೇ ಸರಿ. ಮರಳು ಬಗೆದು, ಗಟ್ಟಿ ನೆಲ ಸಿಕ್ಕುವ ತನಕ ಇಳಿದು, ಪ್ರತಿ ಕಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಹೂಳಿ, ಸಂದಿಗೆ ಸಣ್ಣ ಕಲ್ಲು ಬಡಿದು ಕೂಡಿಸಿದರು. ಸಾಲು ಮುಗಿದಾಗ ಮೇಸ್ತ್ರಿ ಅದರ ಮೇಲೆ ದಡದಡ ನಡೆದು ತೋರಿಸಿದ. ಮರುದಿನ ಬಾಳೆಯವರು ಬಂದರು. ಮೂರನೆಯ ಕಲ್ಲಿಗೇ ನಿಂತರು. ಹೊರೆ ಹೊತ್ತ ಹೆಂಗಸಿನ ಹೆಜ್ಜೆ ಚಿಕ್ಕದು, ಸೀರೆ ಬೇರೆ. ನಮ್ಮ ಕಲ್ಲುಗಳ ಅಂತರ ಗಂಡಸಿನ ಕಾಲಿನದು. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಮೇಸ್ತ್ರಿಯ ಮುಖ ನೋಡಿದೆ. ಎಲ್ಲ ಕೀಳಬೇಕು. ಆ ಬಿಸಿಲು, ಆ ಮರಳು, ಆ ಹೊತ್ತು ನೆನೆದರೆ ಈಗಲೂ ಸೊಂಟ ನೋಯುತ್ತದೆ.

ಆ ಒಂಟಿ ಹೆಂಗಸನ್ನು ಕರೆದು, ಬುಟ್ಟಿ ಹೊತ್ತೇ ಒಣ ಮರಳಿನ ಮೇಲೆ ಈ ದಂಡೆಯಿಂದ ಆ ದಂಡೆಗೆ ನಡೆಯಲು ಹೇಳಿದೆ. ಆಕೆ ಮೊದಲು ದಂಡೆಯಿಂದ ಇಳಿಯಲಿಲ್ಲ. ಆ ಹಳ್ಳದಲ್ಲಿ ನಡೆಯುವುದೆಂದರೆ ಆಕೆಗೆ ಏನೆಂದು ಹೊಳೆದು, ಬೇಡ, ಬೇರೆಯವರನ್ನು ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಆಕೆಯೇ ನಡೆದಳು, ಎಲ್ಲಿಯೂ ನಿಲ್ಲದೆ. ಹಿಂದೆ ಹಿಂದೆ ಮೇಸ್ತ್ರಿ ಆಕೆಯ ಹಿಮ್ಮಡಿ ಮೂಡಿದಲ್ಲೆಲ್ಲ ಚೂನಾ ಹಾಕುತ್ತ ಹೋದ. ಚೂನಾ ಬಿದ್ದಲ್ಲಿ ಕಲ್ಲು ಇಟ್ಟೆವು. ಉಳಿದ ಕಲ್ಲಿನಲ್ಲಿ ಎರಡೂ ದಂಡೆಗೆ ಒಂದೊಂದು ಹೊರೆಗಲ್ಲು ನಿಲ್ಲಿಸಿದೆವು: ಎರಡು ಉದ್ದ ಕಲ್ಲು ನೆಟ್ಟು, ಆಕೆಯ ಹೆಗಲಿಗೆ ಸಮನಾಗಿ ಮೇಲೊಂದು ಅಡ್ಡಗಲ್ಲು. ನಿಂತಲ್ಲೇ ಬುಟ್ಟಿಯನ್ನು ಅದಕ್ಕೆ ಜಾರಿಸಬಹುದು, ಮತ್ತೆ ತಲೆ ಕೊಟ್ಟು ಎತ್ತಬಹುದು. ಕಮಾನಿನ ಕಲ್ಲು ಅಲ್ಲಿಗೆ ಮುಗಿಯಿತು.

ಮಿರಗ ಕೂಡಿತು. ಹೊಳೆ ಬಂತು, ಹಳ್ಳ ಬಂತು. ನೀರು ಜಾಸ್ತಿಯಿದ್ದ ದಿನ ಕಲ್ಲು ಮುಳುಗುತ್ತಿದ್ದವು, ಆಗ ಯಾರೂ ದಾಟುತ್ತಿರಲಿಲ್ಲ. ಇಳಿದ ದಿನ ದಾಟುತ್ತಿದ್ದರು. ಒಂದು ಕಲ್ಲು ವಾಲಿತು, ಉಳಿದವು ಜಗ್ಗಲಿಲ್ಲ. ಆ ಮಳೆಗಾಲ ಹಳ್ಳದಲ್ಲಿ ಯಾರ ಜೀವವೂ ಹೋಗಲಿಲ್ಲ.

ದೀಪಾವಳಿಯ ಸುಮಾರಿಗೆ ಸಾಹೇಬರು ತಪಾಸಣೆಗೆ ಬಂದರು. ನಾನು ಮೂರು ದಿನ ಊಟ ಸರಿಯಾಗಿ ಮಾಡಿರಲಿಲ್ಲ. ತಾಜಸುಲ್ತಾನಪುರದ ತುದಿಯಲ್ಲಿ ಟಾಂಗಾದಿಂದ ಇಳಿದು ಅತ್ತಿತ್ತ ನೋಡಿ, "ಕಮಾನ್ ಕಹಾಂ ಹೈ?" ಎಂದರು. "ಮುಂದೆ ಇದೆ, ನಡೆಯೋಣ," ಎಂದೆ. ಸುಳ್ಳೇನಲ್ಲ. ಹುಣಸೆಯ ಹತ್ತಿರ ಬಂದರೆ ಅಲ್ಲಿ ಜನವೇ ಜನ.

ಆ ನಾಲ್ಕು ತಿಂಗಳಲ್ಲಿ ಹಳ್ಳದ ರೂಪ ಬದಲಾಗಿತ್ತು. ಹೊರೆಗಲ್ಲು ಇದ್ದಲ್ಲಿ ಜನ ನಿಲ್ಲುತ್ತಾರೆ, ಜನ ನಿಂತಲ್ಲಿ ಅಂಗಡಿ ಬರುತ್ತದೆ. ಒಬ್ಬ ಪುಟಾಣಿ, ಚುರುಮರಿ, ಬೆಲ್ಲ ಇಟ್ಟುಕೊಂಡು ಕೂತಿದ್ದ, ಇನ್ನೊಬ್ಬ ಎಲೆ ಅಡಿಕೆ. ಅವರಿಂದ ಜಾಗದ ಬಾಡಿಗೆ ವಸೂಲು ಮಾಡುವುದು ಯಾರು ಎಂಬ ಪ್ರಶ್ನೆ ಎದ್ದಿತ್ತು. ಗೌಡರಿಬ್ಬರೂ ರುಮಾಲು ಸುತ್ತಿ, ತಮ್ಮ ತಮ್ಮ ಮಂದಿಯನ್ನು ಕಟ್ಟಿಕೊಂಡು ಸಾಹೇಬರ ದಾರಿ ಕಾಯುತ್ತಿದ್ದರು.

"ಹಳ್ಳ ನಮ್ಮ ಶಿವಾರದ್ರಿ ಹುಜೂರ್," ಎಂದರು ಕಮಲಾಪುರ ಕಡೆಯವರು. "ಮುತ್ಯಾನ ಕಾಲ್ದಿಂದ."

"ಖೊಟ್ಟಿ ಮಾತ್ರಿ! ನಮ್ಮ ಮಂದಿ ಮುಂದಽ ಕೇಳ್ರಿ, ನಮ್ದು," ಎಂದರು ಇನ್ನೊಬ್ಬರು.

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಸಾಹೇಬರ ಮುಂದೆ ಕೂರಬಾರದು ಎಂಬುದು ಮರೆತುಹೋಗಿತ್ತು. ಕಮಾನಿನ ಭಯವೂ ಆ ಗಳಿಗೆ ಹೋಗಿತ್ತು. ಬರೀ ಸಾಕಾಗಿತ್ತು.

ಸಾಹೇಬರು ಬುದ್ಧಿವಂತರು. ತಹಸೀಲಿಗೆ ಅಭಿಪ್ರಾಯ ಬರೆಯುವ ಮೊದಲು ಗುರುತು ಕೇಳಿದರು: ಇದಕ್ಕೆ ಮೊದಲು ಈ ಹಳ್ಳದಲ್ಲಿ ಏನಾದರೂ ಆದಾಗ ನೋಡಿಕೊಂಡ ಊರು ಯಾವುದು? ಕಮಲಾಪುರ ಕಡೆಯ ಗೌಡರು ತಡಮಾಡಲಿಲ್ಲ. "ಹ್ವಾದ ವರ್ಷ ಇಲ್ಲಿ ಒಂದು ಹೆಣಾ ಬಂದಿತ್ರಿ. ನಾವೇ ಎತ್ತಿಸಿದ್ವಿ." ಎದುರಿನವರು ಬಿಡುತ್ತಾರೆಯೇ? "ಸುಳ್ಳ್ರಿ! ನಾವು ಎತ್ತಿಸಿದ್ವಿ. ಕಂಬಳಿ ಸುದ್ದಾ ನಾವೇ ಕೊಟ್ಟಿದ್ವಿ."

ಅಷ್ಟು ಹೊತ್ತಿಗೆ ಆ ಬಾಳೆಯ ಹೆಂಗಸು ಆ ದಂಡೆಯಿಂದ ದಾಟುಗಲ್ಲಿನ ಮೇಲೆ ಬರುತ್ತಿದ್ದಳು. ಈ ಬದಿಯ ಹೊರೆಗಲ್ಲಿಗೆ ಬುಟ್ಟಿ ಜಾರಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಮಾತು ಕೇಳಿ ನಿಂತಳು. ನಾನು ಎದ್ದು ಸಾಹೇಬರಿಗೆ ಹೇಳಿದೆ: ಆ ಹೆಣ ಈಕೆಯ ಗಂಡನದು. ಈಕೆಯನ್ನು ಕೇಳಿ.

ಸಾಹೇಬರು ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: "ಅವತ್ತು ನಿನ್ನ ಗಂಡನ್ನ ಯಾವ ಊರವರು ಎತ್ತಿದ್ರವ್ವಾ? ಈ ಕಡಿಯವರೋ, ಆ ಕಡಿಯವರೋ?"

ಆಕೆ ಗೌಡರಿಬ್ಬರನ್ನೂ ನೋಡಿದಳು. ದನಿ ಏರಿಸಲಿಲ್ಲ.

"ಈ ಕಡಿ ಸಿಕ್ಕಿದ್ದ. ನಮ್ದಲ್ಲ, ಆ ಕಡಿ ಒಯ್ಯಿ ಅಂದ್ರು. ನಾನೂ ನಮ್ಮ ಮೈದುನಾನೂ ನಮ್ಮದೇ ಕಂಬಳ್ಯಾಗ ಹಾಕ್ಕೊಂಡು ಆ ಕಡಿ ಒಯ್ದ್ವಿ. ಅವರು ಈ ಕಡಿ ಒಯ್ಯಿ ಅಂದ್ರು. ಮತ್ತ ತಂದ್ವಿ. ಸೊಂಟಮಟ ನೀರಿತ್ರಿ ಯಪ್ಪಾ. ಯಾರೂ ಎತ್ತಲಿಲ್ಲ. ಎರಡೂ ಕಡಿ ನಾವೇ ಹೊತ್ತೀವಿ."

ನಾನು ಉರ್ದುವಿನಲ್ಲಿ ಹೇಳಲು ಹೋದೆ. ಸಾಹೇಬರು ಬೇಡವೆಂದು ಕೈ ಮಾಡಿದರು. ಎಷ್ಟು ತಿಳಿಯಿತೋ, ತಿಳಿಯಿತು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಲ್ಲುಗಳ ಸಾಲನ್ನು ನೋಡುತ್ತ ನಿಂತರು. ಆಮೇಲೆ, ಹಳ್ಳ ಸರ್ಕಾರದ್ದು ಎಂದು ಬರೆಯುವುದಾಗಿ ಹೇಳಿ, ನನ್ನ ಕಡೆ ತಿರುಗಿ ಮೆಲ್ಲಗೆ, "ಕಮಾನ್ ಅಗಲೇ ಸಾಲ್," ಎಂದರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಆಕೆ ಅದಾವುದಕ್ಕೂ ಕಾಯಲಿಲ್ಲ. ಸಿಂಬಿ ಸರಿಮಾಡಿಕೊಂಡು, ಅಡ್ಡಗಲ್ಲಿನ ಅಂಚಿಗೆ ಕುತ್ತಿಗೆ ಬಗ್ಗಿಸಿ, ಬುಟ್ಟಿಗೆ ತಾನೇ ತಲೆ ಕೊಟ್ಟು ಎದ್ದಳು. ಅಷ್ಟು ಜನ ನಿಂತಿದ್ದೆವು, ಯಾರ ಕೈಯೂ ಆಕೆಗೆ ಬೇಕಾಗಲಿಲ್ಲ. ಬಿಸಿಲು ಏರುವ ಮೊದಲು ಬಾಳೆ ಕಲಬುರಗಿಯ ಜಗತ್ ಬಜಾರು ಮುಟ್ಟಬೇಕಿತ್ತು.